ಪಕ್ಕಕ್ಕೆ ಏಳು: ಒಂದು ಕತ್ತೆಯ ಬೆನ್ನ ಹುಣ್ಣಿನ ಪ್ರಕರಣ

ಫೋನ್ ಬಂದಿದ್ದು ಬೆಳಗ್ಗೆ ಹತ್ತು ಗಂಟೆಗೆ. ಹಳೇಪೇಟೆಯ ಗುಡ್ಡದ ಓಣಿಯಲ್ಲಿ ಬಾಡಿಗೆಗಿರುವ ಒಬ್ಬ ಹೆಂಗಸು. "ಇಲ್ಲಿ ಕತ್ತೆ ಬೆನ್ನಿಂದ ರಕ್ತ ಸೋರ್ತಿದೆ. ಆದ್ರೂ ಇಟ್ಟಿಗೆ ಹೇರ್ತಾನೇ ಇದ್ದಾರೆ. ನೋಡೋಕಾಗ್ತಿಲ್ಲ, ಬೇಗ ಬನ್ನಿ" ಎಂದರು. ಕಳೆದ ಬೇಸಿಗೆಯ ಮಾತು, ಏಪ್ರಿಲ್ ಮೊದಲ ವಾರ.

ನಾವು ಜಿಲ್ಲಾ ಪ್ರಾಣಿ ದಯಾ ಸಂಘದ ಸ್ವಯಂಸೇವಕರು. ಪ್ರತಿ ಜಿಲ್ಲೆಗೂ ಇಂಥದ್ದೊಂದು ಸಂಘ ಇರಬೇಕು ಅಂತ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಮಾಡಿದ 2001ರ ನಿಯಮಗಳೇ ಹೇಳುತ್ತವೆ. ನಮ್ಮ ತಾಲೂಕಿನಲ್ಲಿ ಐದು ಜನ ಇದ್ದೇವೆ. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಮೆಡಿಕಲ್ ಶಾಪ್‌ನವರು, ಇಬ್ಬರು ಕಾಲೇಜು ಹುಡುಗಿಯರು, ಮತ್ತೆ ನಾನು. ಕುತ್ತಿಗೆಗೆ ಹಾಕಿಕೊಳ್ಳಲು ಒಂದು ಗುರುತಿನ ಚೀಟಿ ಕೊಟ್ಟಿದ್ದಾರೆ. ಅದನ್ನು ನೋಡಿದವರಿಗೆ ನಾವು ಪೊಲೀಸರ ತರಹ ಅನ್ನಿಸುತ್ತದೆ. ನಾವು ಪೊಲೀಸರಲ್ಲ. ಯಾರ ಮನೆಗೂ ನುಗ್ಗುವಂತಿಲ್ಲ, ದಂಡ ಹಾಕುವಂತಿಲ್ಲ. ಪ್ರಾಣಿಯನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಬೇಕಾದರೆ ರಾಜ್ಯ ಸರ್ಕಾರ ಅದನ್ನು ಬೇರೆಯಾಗಿ ಕೊಟ್ಟಿರಬೇಕು. ನಮಗೆ ಕೊಟ್ಟಿಲ್ಲ. ಈ ಪ್ರಕರಣ ಪೂರ್ತಿ ನಡೆದಿದ್ದು ಆ ಮಿತಿಯ ಒಳಗೇ.

ಊರಿನ ಹೆಸರು ಬರೆಯುವುದಿಲ್ಲ. ಬಯಲುಸೀಮೆಯ ಒಂದು ತಾಲೂಕು ಕೇಂದ್ರ ಅಂದರೆ ಸಾಕು. ಕತ್ತೆ ಸಾಕುವ ಮನೆ ಇಲ್ಲಿ ಉಳಿದಿರುವುದೇ ಒಂದೆರಡು. ಊರಿನ ಹೆಸರು ಹೇಳಿದರೆ ಆ ಮನುಷ್ಯನ ಹೆಸರು ಹೇಳಿದ ಹಾಗೇ. ದೇಶದಲ್ಲೇ ಕತ್ತೆಗಳು ಕರಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ 3.2 ಲಕ್ಷ ಇದ್ದವು, 2019ರಲ್ಲಿ 1.2 ಲಕ್ಷಕ್ಕೆ ಇಳಿದವು. ಉಳಿದಿರುವ ಕತ್ತೆಗಳು ಲಾರಿ, ಆಟೋ ಹೋಗದ ಕಡೆ ದುಡಿಯುತ್ತಿವೆ. ನಮ್ಮ ಹಳೇಪೇಟೆ ಅಂಥ ಜಾಗ. ಕಲ್ಲು ಮೆಟ್ಟಿಲು, ಎರಡಾಳು ಅಗಲದ ಓಣಿ, ಮೇಲೆ ಮೂರಂತಸ್ತಿನ ಮನೆ ಏಳುತ್ತಿತ್ತು. ಕೆಳಗೆ ರಸ್ತೆಯಲ್ಲಿ ಲಾರಿ ಇಟ್ಟಿಗೆ ಸುರಿದು ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಸುಮಾರು ನಾನೂರು ಮೀಟರ್ ಏರು. ಆರು ಕತ್ತೆ, ಒಬ್ಬ ಮಾಲೀಕ, ಅವನ ಮಗ.

ಮೊದಲ ದಿನ, ಮತ್ತು ನಮ್ಮ ತಪ್ಪು

ನಾವು ಹೋದಾಗ ಕತ್ತೆಗಳು ಏರು ಹತ್ತುತ್ತಿದ್ದವು. ಐದನೆಯದು ಬೂದು ಬಣ್ಣದ ಹೆಣ್ಣು ಕತ್ತೆ. ಗೋಣಿಚೀಲವನ್ನು ಮಡಚಿ ಬೆನ್ನಿಗೆ ಹಾಸಿ, ಅದರ ಮೇಲೆ ಎರಡೂ ಪಕ್ಕಕ್ಕೆ ಜೋಳಿಗೆ ಇಳಿಬಿಟ್ಟಿದ್ದರು. ಗೋಣಿಯ ಅಂಚು ಒದ್ದೆಯಾಗಿ ಕಪ್ಪಾಗಿತ್ತು. ನೊಣ ಮುತ್ತಿದ್ದವು. ಅವಳು ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಲ್ಲುತ್ತಿದ್ದಳು. ಕೂಗಲಿಲ್ಲ, ಒದೆಯಲಿಲ್ಲ. ಕಿವಿ ಎರಡೂ ಪಕ್ಕಕ್ಕೆ ಜೋತುಬಿದ್ದಿದ್ದವು, ಅಷ್ಟೇ. ಕತ್ತೆ ನೋವನ್ನು ಅಷ್ಟಾಗಿ ತೋರಿಸುವುದಿಲ್ಲ ಅಂತ ಆಮೇಲೆ ವೈದ್ಯರು ಹೇಳಿದರು. ಬಹಳ ಜನ ಅದನ್ನು ಮೊಂಡುತನ ಅಂದುಕೊಳ್ಳುತ್ತಾರೆ. ಕತ್ತೆ ನಿಂತರೆ ಹೊಡೆಯುತ್ತಾರೆ. ಈ ಮಾಲೀಕನ ಮಗನೂ ಹೊಡೆಯುತ್ತಿದ್ದ.

ನಾವು ಅಲ್ಲೇ ಎಡವಿದೆವು. ಸಿಟ್ಟು ತಡೆಯಲಾಗದೆ ನಾನು ಓಣಿಯಲ್ಲಿ ನಿಂತು ಕೂಗಾಡಿದೆ. "ಕೇಸ್ ಹಾಕಿಸ್ತೀವಿ, ಕತ್ತೆ ಎಲ್ಲಾ ಕಿತ್ಕೊಂಡು ಹೋಗ್ತೀವಿ" ಅಂದೆ. ಆ ಅಧಿಕಾರ ನನಗೆ ಇರಲಿಲ್ಲ ಅನ್ನೋದು ಗೊತ್ತಿದ್ದೂ ಅಂದೆ. ನಮ್ಮಲ್ಲೊಬ್ಬರು ವಿಡಿಯೋ ಮಾಡಿ ಮಾಲೀಕನ ಮುಖ ಕಾಣುವ ಹಾಗೆ ಊರಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಜನ ಅವನ ಮನೆ ಮುಂದೆ ಹೋಗಿ ಬೈದರು. ಸಂಜೆಗೆ ಆರೂ ಕತ್ತೆ ಮಾಯ.

ಐದು ದಿನ ಅವು ಎಲ್ಲಿದ್ದವು ಅಂತ ಯಾರಿಗೂ ತಿಳಿಯಲಿಲ್ಲ. ಊರಾಚೆ ಕೆರೆ ಏರಿಯ ಹಿಂದೆ ಒಂದು ಪಾಳು ಶೆಡ್‌ನಲ್ಲಿ ಕಟ್ಟಿದ್ದ. ವೈದ್ಯರು ಇಲ್ಲ, ಔಷಧಿ ಇಲ್ಲ. ಬೇಸಿಗೆಯ ನೊಣಕ್ಕೆ ತೆರೆದ ಗಾಯ ಸಿಕ್ಕಿತು. ಆ ಐದು ದಿನದಲ್ಲಿ ಹುಣ್ಣಿನೊಳಗೆ ಹುಳ ಬಿತ್ತು. ನಾವು ಕೂಗಾಡದೇ ಇದ್ದಿದ್ದರೆ ಆ ಹುಳ ಬೀಳುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ಹೊಟ್ಟೆ ಕಿವುಚುತ್ತದೆ. ಸ್ವಯಂಸೇವಕರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮೊದಲ ದಿನ ಯಾರ ಮುಖವನ್ನೂ ಎಲ್ಲೂ ಹಾಕಬೇಡಿ. ಫೋಟೋ ಬೇಕು, ಅದು ಸಾಕ್ಷಿ. ಗಾಯದ ಫೋಟೋ, ಹೊರೆಯ ಫೋಟೋ, ಜಾಗ, ದಿನ, ಹೊತ್ತು. ಅದು ನಿಮ್ಮ ಹತ್ತಿರವೇ ಇರಲಿ.

ಐದನೇ ದಿನ ಮೇಷ್ಟ್ರು ಒಬ್ಬರೇ ಮಾಲೀಕನ ಮನೆಗೆ ಹೋದರು. ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡರು. ಜಗುಲಿಯ ಮೇಲೆ ಕೂತರು. ಮಾಲೀಕ ಅವರ ಹಳೇ ಶಿಷ್ಯ ಏನಲ್ಲ, ಶಾಲೆಗೇ ಹೋದವನಲ್ಲ. ಒಂದು ಗಂಟೆ ಸುಮ್ನೆ ಮಾತಾಡಿದ ಮೇಲೆ ಅವನೇ ಶೆಡ್‌ಗೆ ಕರೆದುಕೊಂಡು ಹೋದ. "ಬೂದಿ ಮೇವು ಬಿಟ್ಟಿದಾಳೆ ಸಾರ್" ಎಂದನಂತೆ. ಆ ಕತ್ತೆಯ ಹೆಸರು ಬೂದಿ. ಹೆಸರಿಟ್ಟು ಕರೆಯುವ ಪ್ರಾಣಿಯನ್ನೇ ಅವನು ಹಾಗೆ ದುಡಿಸಿದ್ದ. ಎರಡೂ ನಿಜ.

ಆಸ್ಪತ್ರೆಗೆ ಮಾತ್ರ ಬರಲು ಒಪ್ಪಲಿಲ್ಲ. "ಒಳಗೆ ಹೋದ್ರೆ ವಾಪಸ್ ಕೊಡಲ್ಲ, ನೀವೇ ಹೇಳಿದ್ರಲ್ಲ ಅವತ್ತು." ನನ್ನ ಮಾತೇ ತಿರುಗಿ ಬಂದಿತ್ತು.

ಕಾನೂನಿನಲ್ಲಿ ಏನಿದೆ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಹಿಂಸೆ ಅಂದರೆ ಯಾವುದು ಅಂತ ಒಂದು ಪಟ್ಟಿಯೇ ಇದೆ. ಹೊಡೆಯುವುದು, ಮಿತಿಮೀರಿ ಹೇರುವುದು ಮೊದಲನೇ ಸಾಲಿನಲ್ಲೇ ಬರುತ್ತದೆ. ಎರಡನೆಯದು ನಮ್ಮ ಪ್ರಕರಣಕ್ಕೆ ಹೇಳಿ ಮಾಡಿಸಿದ ಹಾಗಿದೆ. ವಯಸ್ಸು, ಕಾಯಿಲೆ, ಗಾಯ, ಹುಣ್ಣು ಇಂಥ ಕಾರಣದಿಂದ ದುಡಿಯಲಾಗದ ಪ್ರಾಣಿಯನ್ನು ಕೆಲಸಕ್ಕೆ ಹಚ್ಚುವವನು ತಪ್ಪಿತಸ್ಥ. ಅದಕ್ಕೆ ಬಿಟ್ಟ ಮಾಲೀಕನೂ ತಪ್ಪಿತಸ್ಥ. ಇಬ್ಬರನ್ನು ಬೇರೆ ಬೇರೆಯಾಗಿ ಹೇಳಿದೆ. ನಾವು ಎಷ್ಟೋ ವರ್ಷ ಈ ಸಾಲನ್ನು ಓದಿದ್ದೆವು, ಆದರೆ ಮಾಲೀಕ ಅನ್ನೋ ಪದದ ಮೇಲೇ ಕಣ್ಣು ನಿಲ್ಲುತ್ತಿತ್ತು. ಕೆಲಸಕ್ಕೆ ಹಚ್ಚುವವನು ಯಾರು ಅಂತ ಕೇಳಿಕೊಂಡಿರಲಿಲ್ಲ.

ಇದರ ಜೊತೆಗೆ 1965ರ ನಿಯಮಗಳಿವೆ, ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿಯೇ ಮಾಡಿದ್ದು. ಅದರಲ್ಲಿ ಕಿಲೋ ಲೆಕ್ಕ ಇದೆ. ಹೇಸರಗತ್ತೆ 200 ಕೆ.ಜಿ. ಹೊರಬಹುದು, ತಟ್ಟು ಕುದುರೆ 70, ಕತ್ತೆ 50. ದಿನಕ್ಕೆ ಒಂಬತ್ತು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ಬಿಡುವಿಲ್ಲದೆ ಐದು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತೆಯೇ ಇಲ್ಲ. ಆ ವಾರ ನಮ್ಮೂರಲ್ಲಿ 38 ದಾಟಿತ್ತು, ಕತ್ತೆಗಳು ಎರಡು ಗಂಟೆಗೂ ಏರು ಹತ್ತುತ್ತಿದ್ದವು. ಮಿತಿ ಮೀರಿ ಹೇರುವವನ ಜೊತೆಗೆ ಹೇರಿಸುವವನೂ ಈ ನಿಯಮದ ಅಡಿ ಬರುತ್ತಾನೆ.

ದಂಡದ ವಿಷಯ ಬೇಜಾರಿನದು. ಕಾಯ್ದೆಯ ಪ್ರಕಾರ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಿಯಮ ಮುರಿದದ್ದಕ್ಕೆ 100 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ದಶಕಗಳ ಹಿಂದೆ ಬರೆದ ಮೊತ್ತಗಳಿವು. ಸಾಲದ್ದಕ್ಕೆ, ಈ ತಪ್ಪುಗಳಲ್ಲಿ ಹೆಚ್ಚಿನವು ಎನ್.ಸಿ., ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಶುರು ಮಾಡುವಂತಿಲ್ಲ. ಕೇಸು ಹಾಕಲು ಮೂರು ತಿಂಗಳ ಗಡುವು ಬೇರೆ. ಅಷ್ಟರೊಳಗೆ ಹಾಕದಿದ್ದರೆ ಮುಗಿಯಿತು.

ಠಾಣೆಯಲ್ಲಿ ಮೊದಲು ಕೇಳಿದ ಮಾತೂ ಅದೇ. "ಎನ್.ಸಿ. ಕೇಸಿದು, ನಾವೇನು ಮಾಡೋಕಾಗುತ್ತೆ?" ನಾವು 34ನೇ ಸೆಕ್ಷನ್ ಓದಿ ತೋರಿಸಿದೆವು. ಕಾನ್‌ಸ್ಟೇಬಲ್‌ಗಿಂತ ಮೇಲಿನ ಯಾವುದೇ ಪೊಲೀಸ್ ಅಧಿಕಾರಿ, ಹಿಂಸೆ ನಡೆದಿದೆ ಅಂತ ನಂಬಲು ಕಾರಣ ಇದ್ದರೆ, ಪ್ರಾಣಿಯನ್ನು ವಶಕ್ಕೆ ತೆಗೆದುಕೊಂಡು ಪಶುವೈದ್ಯರ ಮುಂದೆ ಪರೀಕ್ಷೆಗೆ ನಿಲ್ಲಿಸಬಹುದು. ಜೊತೆಗಿರುವವನನ್ನೂ ಅಲ್ಲಿಗೆ ಬಾ ಅನ್ನಬಹುದು. "ಯಾರನ್ನೂ ಹಿಡಿಯೋದು ಬೇಡ ಸರ್, ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ ಅಷ್ಟೇ" ಎಂದರು ಮೇಷ್ಟ್ರು. ಎ.ಎಸ್.ಐ. ಒಬ್ಬರು ಎರಡು ಸಲ ಓದಿ, ಟೋಪಿ ತೆಗೆದುಕೊಂಡು ಎದ್ದರು. ಅವರ ಮನೆಯಲ್ಲಿ ಎಮ್ಮೆಗಳಿವೆಯಂತೆ. ಹುಣ್ಣಲ್ಲಿ ಹುಳ ಬಿದ್ದಿದೆ ಅಂದಾಗಲೇ ಅವರ ಮುಖ ಬದಲಾಗಿತ್ತು.

ಮಾಲೀಕನಿಗೆ ಎ.ಎಸ್.ಐ. ಒಂದು ಚೀಟಿ ಬರೆದುಕೊಟ್ಟರು. ಪರೀಕ್ಷೆಗಾಗಿ ಮಾತ್ರ ಕರೆದೊಯ್ಯುತ್ತಿರುವುದು, ವೈದ್ಯರು ಹೇಳಿದ ಮೇಲೆ ವಾಪಸ್ ಕೊಡುವುದು ಅಂತ. ಅವನಿಗೆ ಓದಲು ಬರುವುದಿಲ್ಲ. ಮಗ ಓದಿ ಹೇಳಿದ. ಆಗ ಹಗ್ಗ ಬಿಚ್ಚಿದ.

ಬೂದಿ ಹೆಜ್ಜೆ ಕೀಳಲಿಲ್ಲ

ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶು ಸಂಜೀವಿನಿ ಗಾಡಿ, ಅಂದರೆ ಸರ್ಕಾರದ ಸಂಚಾರಿ ಪಶು ಆಸ್ಪತ್ರೆ, ಕರೆಸಿದ್ದೆವು. ಶೆಡ್‌ನಿಂದ ಗಾಡಿಯವರೆಗೆ ಐವತ್ತು ಹೆಜ್ಜೆ. ಬೂದಿ ಬಾಗಿಲಲ್ಲೇ ನಿಂತಳು. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ. ಒಳಗಿನಿಂದ ಇನ್ನೊಂದು ಕತ್ತೆ ಒಂದೇ ಸಮನೆ ಅರಚುತ್ತಿತ್ತು. ವೈದ್ಯರು ಕೇಳಿದರು, "ಅದು ಯಾವುದು?" "ಚಿಕ್ಕಿ. ಇಬ್ರೂ ಯಾವಾಗ್ಲೂ ಒಟ್ಟಿಗೇ ಇರ್ತಾವೆ" ಅಂದ ಮಗ. "ಹಾಗಾದ್ರೆ ಅದನ್ನೂ ಕರ್ಕೊಂಡು ಬಾ."

ಚಿಕ್ಕಿ ಹೊರಗೆ ಬಂದು ಪಕ್ಕದಲ್ಲಿ ನಿಂತಿತು. ಬೂದಿ ಒಮ್ಮೆ ಅದರ ಕುತ್ತಿಗೆಗೆ ಮೂತಿ ಒರೆಸಿದಳು. ಆಮೇಲೆ ಇಬ್ಬರೂ ತಾವಾಗೇ ನಡೆದರು.

ಕತ್ತೆಗಳು ಹೀಗೆ ಜೋಡಿ ಕಟ್ಟಿಕೊಳ್ಳುತ್ತವೆ, ಜೋಡಿ ಬಿಡಿಸಿದರೆ ಮೇವು ಬಿಡುತ್ತವೆ ಅಂತ ವೈದ್ಯರು ದಾರಿಯಲ್ಲಿ ತಿಳಿಸಿದರು. ಮೇವು ಬಿಟ್ಟ ಕತ್ತೆಯ ಮೈಯಲ್ಲಿರುವ ಕೊಬ್ಬೆಲ್ಲ ರಕ್ತಕ್ಕೆ ಇಳಿಯುತ್ತದೆ. ಅದು ಯಕೃತ್ತನ್ನು ಕೆಡಿಸಿ ಕೆಲವೇ ದಿನದಲ್ಲಿ ಪ್ರಾಣ ತೆಗೆಯಬಹುದು. ಬೂದಿಯನ್ನು ಉಳಿಸಬೇಕು ಅಂತ ಅವಳನ್ನು ಒಬ್ಬಳನ್ನೇ ದೂರದ ಆಶ್ರಯಕ್ಕೆ ಸಾಗಿಸಿದ್ದರೆ ಗಾಯಕ್ಕಿಂತ ಮೊದಲು ಅದು ಅವಳನ್ನು ಕೊಲ್ಲುತ್ತಿತ್ತೋ ಏನೋ. ಮೊದಲ ದಿನ ನಾನು ಮಾಡಬೇಕು ಅಂದುಕೊಂಡಿದ್ದು ಅದನ್ನೇ.

ಗೋಣಿ ಬಿಚ್ಚಿದಾಗ ಕಂಡದ್ದು ಅಂಗೈ ಅಗಲದ ಹುಣ್ಣು, ಬೆನ್ನುಮೂಳೆಯ ಏಣಿನ ಮೇಲೆ. ಗೋಣಿಯ ನಾರು ಮಾಂಸಕ್ಕೆ ಅಂಟಿತ್ತು. ಉಪ್ಪು ನೀರು ಹಾಕಿ ಹಾಕಿ ನೆನೆಸಿ ಬಿಡಿಸಬೇಕಾಯಿತು. ಟರ್ಪೆಂಟೈನ್ ಎಣ್ಣೆಯ ಹತ್ತಿ ಇಟ್ಟ ಮೇಲೆ ಹುಳಗಳು ಮೇಲೆ ಬಂದವು. ವೈದ್ಯರು ಚಿಮ್ಮಟದಲ್ಲಿ ಒಂದೊಂದೇ ತೆಗೆದು ಟ್ರೇಗೆ ಹಾಕಿದರು. ಮಾಲೀಕ ತಲೆ ಹಿಡಿದುಕೊಂಡು ನಿಂತಿದ್ದ. ಟ್ರೇ ತುಂಬುತ್ತಾ ಬಂದ ಹಾಗೆ ಅವನ ಕೈ ನಡುಗುತ್ತಿತ್ತು. ಧನುರ್ವಾಯು ಚುಚ್ಚುಮದ್ದು ಕೊಟ್ಟರು. ಕುದುರೆ, ಕತ್ತೆಗಳಿಗೆ ಧನುರ್ವಾಯು ಬೇಗ ತಗಲುತ್ತದೆ, ಸಣ್ಣ ಗಾಯಕ್ಕೂ ಇದನ್ನು ಮರೆಯಬಾರದು. ಆಮೇಲೆ ಬರೆದರು: ಆರು ವಾರ ಬೆನ್ನ ಮೇಲೆ ಏನನ್ನೂ ಹೇರಬಾರದು. ಆ ಒಂದು ಹಾಳೆಗೆ ನಮ್ಮ ಐದೂ ಜನರ ಕೂಗಾಟಕ್ಕಿಂತ ಜಾಸ್ತಿ ತೂಕ ಇತ್ತು.

ಒಂದು ಇಟ್ಟಿಗೆಯ ತೂಕ

ಹುಣ್ಣಿಗೆ ಸಾಕ್ಷಿ ಸಿಕ್ಕಿತು. ಹೊರೆಗೆ? "ಜಾಸ್ತಿ ಹೇರಿದ್ದರು" ಅಂದರೆ ಯಾರೂ ಕೇಳುವುದಿಲ್ಲ. ಎಷ್ಟು ಜಾಸ್ತಿ ಅಂತ ಹೇಳಬೇಕು. ಕಾಲೇಜು ಹುಡುಗಿಯರಲ್ಲಿ ಒಬ್ಬಳು ಒಳ್ಳೆಯ ಕೆಲಸ ಮಾಡಿದಳು. ಅದೇ ರಾಶಿಯ ಒಂದು ಇಟ್ಟಿಗೆಯನ್ನು ಎ.ಎಸ್.ಐ. ಎದುರಲ್ಲೇ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಇಟ್ಟಳು. 3 ಕೆ.ಜಿ. 100 ಗ್ರಾಂ. ಮೊದಲ ದಿನದ ಫೋಟೋದಲ್ಲಿ ಬೂದಿಯ ಎಡಪಕ್ಕದ ಇಟ್ಟಿಗೆ ಎಣಿಸಬಹುದಿತ್ತು: 15. ಬಲಪಕ್ಕಕ್ಕೂ 15. ಒಟ್ಟು 93 ಕೆ.ಜಿ. ಬೂದಿಯೇ ನೂರು ಕೆ.ಜಿ. ಆಸುಪಾಸು ಇದ್ದಾಳೆ ಎಂದರು ವೈದ್ಯರು.

ಅದೇ ಅಂಗಡಿ ಕಟ್ಟೆಯ ಮೇಲೆ ಕೂತು ಮಾಲೀಕನ ಜೊತೆ ಲೆಕ್ಕ ಹಾಕಿದೆವು. ಪಕ್ಕಕ್ಕೆ ಎಂಟು ಹಾಕಿದರೆ 49.6 ಕೆ.ಜಿ. ಗೋಣಿ, ಜೋಳಿಗೆ ಸೇರಿದರೆ 50 ದಾಟುತ್ತದೆ. ಪಕ್ಕಕ್ಕೆ ಏಳು ಹಾಕಿದರೆ 43.4. ಸರಿ, ಏಳು. ಕಾಯ್ದೆಯ ಸೆಕ್ಷನ್ ಸಂಖ್ಯೆ ಅವನಿಗೆ ನೆನಪಿರಬೇಕಾಗಿಲ್ಲ. ಏಳು ನೆನಪಿರುತ್ತದೆ. ಓಣಿಯ ಮಕ್ಕಳೂ ಎಣಿಸಬಲ್ಲರು.

ಆಗ ಅವನು ಕೇಳಿದ ಪ್ರಶ್ನೆಯಿಂದ ಇಡೀ ಪ್ರಕರಣ ತಿರುಗಿತು. "ಏಳು ಹಾಕಿದ್ರೆ ನಂಗೆ ದಿನಕ್ಕೆ ಏನು ಸಿಗುತ್ತೆ?"

ಕಂಟ್ರಾಕ್ಟರ್ ಅವನಿಗೆ ಸಾವಿರ ಇಟ್ಟಿಗೆಗೆ ಇಷ್ಟು ಅಂತ ಕೊಡುತ್ತಿದ್ದ. ದಿನಗೂಲಿ ಅಲ್ಲ, ಸುತ್ತಿನ ಲೆಕ್ಕವೂ ಅಲ್ಲ. ಹಾಗೆ ಕೊಟ್ಟರೆ ಯಾರಾದರೂ ಮಾಡುವುದು ಒಂದೇ. ಸುತ್ತು ಕಡಿಮೆ ಮಾಡಿ ಹೊರೆ ಜಾಸ್ತಿ ಮಾಡುತ್ತಾರೆ. ಹದಿನೈದರ ಬದಲು ಏಳು ಹಾಕಿದರೆ ಸುತ್ತು ಎರಡರಷ್ಟಕ್ಕಿಂತ ಜಾಸ್ತಿ, ದುಡ್ಡು ಅಷ್ಟೇ. ಮುಂಗಡ ಬೇರೆ ತೆಗೆದುಕೊಂಡಿದ್ದ, ಮಳೆ ಬರುವುದರೊಳಗೆ ಗೋಡೆ ಏಳಬೇಕು ಅಂತ ಗಡುವು ಬೇರೆ. ಬೂದಿಯ ಬೆನ್ನ ಮೇಲಿನ ಹದಿನೈದನೇ ಇಟ್ಟಿಗೆಯನ್ನು ಮಾಲೀಕ ಇಟ್ಟಿದ್ದು ಹೌದು. ಇಡಿಸಿದ್ದು ಆ ದರ. ಕೆಲಸಕ್ಕೆ ಹಚ್ಚುವವನು ಅಂತ ಕಾಯ್ದೆ ಹೇಳಿದ್ದು ಯಾರನ್ನು ಅಂತ ನಮಗೆ ಅಲ್ಲಿ ಗೊತ್ತಾಯಿತು.

ಕಂಟ್ರಾಕ್ಟರ್ ಮೊದಲು "ಕತ್ತೆ ನಂದಲ್ಲ" ಎಂದ. ಎಲ್ಲರೂ ಹೇಳುವ ಮಾತು ಅದು. ವೈದ್ಯರ ಹಾಳೆ, ತೂಕದ ಲೆಕ್ಕ, ಫೋಟೋ ಮೂರನ್ನೂ ಮುಂದಿಟ್ಟು, ದೂರಿನಲ್ಲಿ ಮೊದಲ ಹೆಸರು ನಿಮ್ಮದೇ ಇರುತ್ತದೆ ಅಂತ ತಿಳಿಸಿದೆವು. ಈ ಸಲ ಯಾರೂ ದನಿ ಎತ್ತಲಿಲ್ಲ. ಮನೆ ಕಟ್ಟಿಸುತ್ತಿದ್ದ ಅಮ್ಮ ಅಲ್ಲೇ ಇದ್ದರು. ಹುಣ್ಣಿನ ಫೋಟೋ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನನ್ನ ಮನೆ ಗೋಡೆ ಹೀಗೆ ಏಳೋದು ಬೇಡ" ಎಂದರು. ಕಂಟ್ರಾಕ್ಟರ್ ಬಗ್ಗಿದ್ದು ನಮಗೋ, ಕಾನೂನಿಗೋ, ಆ ಅಮ್ಮನಿಗೋ, ನಾನು ಹೇಳಲಾರೆ.

ಒಪ್ಪಂದ ಹೀಗಾಯಿತು. ಸಾವಿರದ ಲೆಕ್ಕ ಬಿಟ್ಟು ದಿನಗೂಲಿ. ಪಕ್ಕಕ್ಕೆ ಏಳು. ಹನ್ನೆರಡಕ್ಕೆ ಕೆಲಸ ನಿಲ್ಲಬೇಕು, ಮೂರರ ನಂತರ ಬೇಕಾದರೆ ಮತ್ತೆ. ನೀರಿನ ತೊಟ್ಟಿ ಒಂದು. ಬೂದಿ, ಚಿಕ್ಕಿ ಇಬ್ಬರಿಗೂ ಆರು ವಾರ ರಜೆ, ಅವುಗಳ ಮೇವಿನ ಖರ್ಚು ಕಂಟ್ರಾಕ್ಟರ್‌ದು. ಇನ್ನೊಂದು ವಿಷಯ ಮಾಲೀಕನ ಮಗ ಹೇಳಿದ. ಓಣಿಯ ಅರ್ಧದವರೆಗೆ ಗೂಡ್ಸ್ ಆಟೋ ಬರಲು ಜಾಗ ಇದೆಯಂತೆ, ಹಳೇ ಗೋಡೆಯ ಮಣ್ಣು ರಾಶಿ ಅಡ್ಡ ಬಿದ್ದಿದೆ ಅಷ್ಟೇ. ನಾಲ್ಕು ಆಳು ಹಚ್ಚಿ ಅರ್ಧ ದಿನದಲ್ಲಿ ಅದನ್ನು ತೆಗೆಸಿದರು. ನಾನೂರು ಮೀಟರ್ ಏರು ನೂರಿಪ್ಪತ್ತಕ್ಕೆ ಇಳಿಯಿತು. ಮೊದಲ ದಿನವೇ ಆ ಹುಡುಗನ ಜೊತೆ ಮಾತಾಡಿದ್ದರೆ ಮೊದಲ ದಿನವೇ ಇದು ತಿಳಿಯುತ್ತಿತ್ತು. ನಾವು ಅವನ ಕೈಯಲ್ಲಿದ್ದ ಕೋಲನ್ನಷ್ಟೇ ನೋಡಿದ್ದೆವು.

ಕೋರ್ಟು

ಒಪ್ಪಂದ ಆಯ್ತಲ್ಲ, ಕೇಸು ಯಾಕೆ ಅಂತ ನಮ್ಮಲ್ಲೇ ಜಗಳ ಆಯಿತು. ಮೇಷ್ಟ್ರು ಬೇಡ ಎಂದರು, ನಾನು ಬೇಕು ಎಂದೆ. ಈ ಕಂಟ್ರಾಕ್ಟರ್ ನಾಳೆ ಇನ್ನೊಂದು ಓಣಿಯಲ್ಲಿ ಇನ್ನೊಬ್ಬನ ಕತ್ತೆ ಹಿಡಿಯುತ್ತಾನೆ. ಅವನ ಹೆಸರಿನ ಮುಂದೆ ಒಂದು ತೀರ್ಪು ಇದ್ದರೆ, ಮೂರು ವರ್ಷದೊಳಗಿನ ಎರಡನೇ ತಪ್ಪಿಗೆ ಜೈಲಿನ ಮಾತು ಬರುತ್ತದೆ. ಈಗಲೂ ನಾನು ಅದೇ ಹೇಳುತ್ತೇನೆ. ಆದರೆ ಮಾಲೀಕನ ಹೆಸರನ್ನು ಬಿಡಿಸಲು ನಮ್ಮಿಂದ ಆಗಲಿಲ್ಲ. ಕಾಯ್ದೆ ಅವನನ್ನೂ ಹೆಸರಿಸುತ್ತದೆ, ನಾವು ಕೈಬಿಡಲು ಬರುವುದಿಲ್ಲ ಎಂದರು ಎ.ಎಸ್.ಐ. ಅವರು ಹೇಳಿದ್ದು ಸರಿ.

ಮ್ಯಾಜಿಸ್ಟ್ರೇಟರ ಆದೇಶ ಸಿಗಲು ಮೂರು ವಾರ ಹಿಡಿಯಿತು. ಮೂರು ತಿಂಗಳ ಗಡುವಿನೊಳಗೇ ಕೇಸು ದಾಖಲಾಯಿತು. ಇಬ್ಬರೂ ತಪ್ಪು ಒಪ್ಪಿಕೊಂಡರು. ಕಂಟ್ರಾಕ್ಟರ್‌ಗೆ ಕಾಯ್ದೆಯ ಅಡಿ 50, ನಿಯಮದ ಅಡಿ 100 ರೂಪಾಯಿ. ಮಾಲೀಕನಿಗೆ 10 ರೂಪಾಯಿ. ಅವನು ಹತ್ತರ ನೋಟನ್ನು ಎರಡೂ ಕೈಯಲ್ಲಿ ಹಿಡಿದು ಕಟ್ಟಿದ. ಅಂಗೈ ಅಗಲದ ಆ ಹುಣ್ಣಿಗೆ ಕಾನೂನು ಇಟ್ಟ ಬೆಲೆ ಒಟ್ಟು 160 ರೂಪಾಯಿ. ನನಗೆ ಅಳು ಬಂತು. ಈ ಮೊತ್ತ ಬದಲಾಗಬೇಕು, ಬೇಗ ಬದಲಾಗಬೇಕು.

ಜುಲೈ ಕೊನೆಯಲ್ಲಿ, ಜಿಟಿಜಿಟಿ ಮಳೆಯಲ್ಲಿ, ಆ ಓಣಿಗೆ ಹೋಗಿದ್ದೆ. ಗೋಡೆ ಎದ್ದಾಗಿತ್ತು, ಹೆಂಚಿನ ಕೆಲಸ ನಡೆಯುತ್ತಿತ್ತು. ಬೂದಿ ಕೆಲಸಕ್ಕೆ ಬಂದಿದ್ದಳು, ಹಿಂದೆ ಚಿಕ್ಕಿ. ಹುಣ್ಣು ಮಾಗಿದ ಜಾಗದಲ್ಲಿ ಕೂದಲು ಮತ್ತೆ ಬಂದಿತ್ತು, ಆದರೆ ಬೂದು ಬಣ್ಣದ್ದಲ್ಲ. ಪೂರ್ತಿ ಬಿಳಿ. ದೂರದಿಂದಲೇ ಗುರುತು ಸಿಗುತ್ತದೆ. ಗೋಣಿಯ ಬದಲು ಹಳೇ ಕಂಬಳಿ ಹಾಸಿದ್ದರು, ಬೆನ್ನುಮೂಳೆಯ ಮೇಲೆ ಭಾರ ಬೀಳದ ಹಾಗೆ ಎರಡು ಪಕ್ಕಕ್ಕೂ ದಪ್ಪ ಮಡಿಕೆ ಮಾಡಿ. ವೈದ್ಯರು ತೋರಿಸಿಕೊಟ್ಟದ್ದು. ಮಾಲೀಕ ನನ್ನನ್ನು ನೋಡಿ ನಗಲಿಲ್ಲ, ಮಾತೂ ಆಡಲಿಲ್ಲ. ಮಗ ಬೂದಿಗೆ ಹೆಂಚು ಹೇರುತ್ತಿದ್ದ. ಮಾಲೀಕ ಹತ್ತಿರ ಹೋಗಿ ಕಂಬಳಿಯ ಅಡಿಗೆ ಕೈ ತೂರಿಸಿ, ಆ ಬಿಳಿ ಜಾಗವನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿದ. ಆಮೇಲೆ ಎರಡೂ ಪಕ್ಕದಿಂದ ಒಂದೊಂದು ಹೆಂಚು ತೆಗೆದು ಕೆಳಗಿಟ್ಟು, "ನಡಿ" ಎಂದ.